ಮನೆ ಮಾರೋ ಮುಂಚೆ ಅಡುಗೆಮನೆ: ಏನು ಮಾಡಬೇಕು, ಏನು ಬೇಡ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಹಳೇ ಹೆಂಚಿನ ಮನೆ ಮಾರೋದಿದ್ದರೆ ಮುಂಬಾಗಿಲಿಗಿಂತ ಮೊದಲು ಅಡುಗೆಮನೆ ನೋಡಿ. ಸೋರಿಕೆ, ತೇವ, ಗಾಳಿ-ಬೆಳಕು ಎಲ್ಲಾ ಗೊತ್ತಾಗೋದು ಅಲ್ಲೇ.

ಮಾಡಬೇಕಾದ್ದು: ಅಟ್ಟದ ಡಬ್ಬ, ಖಾಲಿ ಬಾಟಲಿ ಇಳಿಸಿ, ಜಾಗ ಕಾಣಲಿ. ಸೌದೆ ಒಲೆಯ ಮಸಿ ಉಜ್ಜಿ ತೆಗೆದು, ಗೋಡೆ ಒಣಗಿದ ಮೇಲೆ ಸುಣ್ಣ ಹೊಡೆಸಿ. ಮಸಿ ಮೇಲೇ ಬಳಿದರೆ ಕಲೆ ಮತ್ತೆ ಏಳುತ್ತೆ. ಸೋರುವ ನಲ್ಲಿಗೆ ವಾಷರ್ ಹಾಕಿಸಿ, ಕಟ್ಟಿಕೊಂಡ ಸಿಂಕ್ ಪೈಪ್ ಬಿಡಿಸಿ.

ಬೇಡದ್ದು: ಮಾಡ್ಯುಲರ್ ಕಿಚನ್. ಕೊಳ್ಳುವವರು ಅದನ್ನು ಕಿತ್ತು ತಮಗೆ ಬೇಕಾದಂತೆ ಕಟ್ಟಿಸಬಹುದು. ವಾಸ್ತು ಅಂತ ಒಲೆಯನ್ನು ಆಗ್ನೇಯ ಮೂಲೆಗೆ ತರಲು ಗೋಡೆ ಒಡೆಯೋದೂ ಬೇಡ.

ದೋಷ ಮುಚ್ಚಿಡಬೇಡಿ. ಸಾಮಾನ್ಯವಾಗಿ ನೋಡಿದರೆ ಕಾಣದ, ನಿಮಗೆ ಗೊತ್ತಿರುವ ದೊಡ್ಡ ದೋಷವನ್ನು ಕೊಳ್ಳುವವರಿಗೆ ಹೇಳಲೇಬೇಕು ಅನ್ನುತ್ತೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್.

ಇನ್ನೊಂದು ಸಿದ್ಧತೆಗೆ ದುಡ್ಡೇ ಬೇಡ. ಮನೆ ನೋಡಲು ಬಂದ ದಲಿತ ಕುಟುಂಬವನ್ನು ನಡುಮನೆಯಲ್ಲೇ ನಿಲ್ಲಿಸಿ, ಅಡುಗೆಮನೆ ಬಾಗಿಲು ಎಳೆದುಕೊಂಡರೆ ಅದು 'ಮಡಿ' ಅಲ್ಲ, ಸಂವಿಧಾನದ 17ನೇ ವಿಧಿ ರದ್ದು ಮಾಡಿದ ಅಸ್ಪೃಶ್ಯತೆ. ಯಾರೇ ಬರಲಿ, ಒಲೆ ತನಕ ಕರೆದುಕೊಂಡು ಹೋಗಿ ತೋರಿಸಿ. ಮನೆಯ ಹಿರಿಯರ ಜೊತೆ ಈ ಮಾತು ಮೊದಲೇ ಆಡಿ ಮುಗಿಸಿ.