ಮೂರನೆಯ ಜಲಾಶಯದ ಸುತ್ತ ಒಂದು ನಡಿಗೆ

ಜರ್ಸಿ ಸಿಟಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಜರ್ನಲ್ ಸ್ಕ್ವೇರ್ ಬಳಿಯ ನ್ಯೂಅರ್ಕ್ ಅವೆನ್ಯೂ. ಬೇಳೆ, ಹುಣಿಸೆಹಣ್ಣು, ಕರಿಬೇವು ಸಿಗುವ ಅಂಗಡಿಗಳ ಸಾಲು. ಸಾಮಾನು ಕೊಂಡಾದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಂಡು ಉತ್ತರಕ್ಕೆ, ಹೈಟ್ಸ್ ಬಡಾವಣೆಯ ಗುಡ್ಡದ ಕಡೆಗೆ ಹೋಗಿ ಬನ್ನಿ. ಸಮ್ಮಿಟ್ ಮತ್ತು ಸೆಂಟ್ರಲ್ ಅವೆನ್ಯೂಗಳ ನಡುವೆ ಕೋಟೆಯಂತಹ ಕಲ್ಲಿನ ಗೋಡೆಗಳು ಎದುರಾಗುತ್ತವೆ. 1871ರಿಂದ 1874ರವರೆಗೆ ಕಟ್ಟಿದ ಮೂರನೆಯ ಜಲಾಶಯ ಇದು. ಗೋಡೆಗಳ ಶೈಲಿ ಪುರಾತನ ಈಜಿಪ್ಟಿನದು. ಹೊರಗಿನಿಂದ ಒಂದು ಸುತ್ತು ಬಂದರೂ ಸಾಕು, ಆ ಕಾಲದವರ ಶ್ರದ್ಧೆ ಅರ್ಥವಾಗುತ್ತದೆ.

ಗುಡ್ಡದ ಮೇಲೆ ಕೆರೆ ಏಕೆ? ಎತ್ತರದಲ್ಲಿ ಕೂಡಿಟ್ಟ ನೀರು ತಾನಾಗಿಯೇ ಇಳಿದು ಊರಿನ ಮನೆಗಳನ್ನು ಸೇರುತ್ತದೆ. ಪಕ್ಕದ ಪರ್ಶಿಂಗ್ ಫೀಲ್ಡ್ ಉದ್ಯಾನ ಇರುವಲ್ಲಿಯೂ ಹಿಂದೆ ಇಂತಹುದೇ ಜಲಾಶಯವಿತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾದದ್ದನ್ನು ಕಂಡ ನಮಗೆ ಈ ಕಥೆ ಹೊಸದೇನಲ್ಲ.

1854ರಿಂದ ಜರ್ಸಿ ಸಿಟಿ ಕುಡಿದದ್ದು ಪಸೇಯಿಕ್ ನದಿಯ ನೀರನ್ನು. ಬೆಲ್‌ವಿಲ್‌ನಲ್ಲಿ ಪಂಪು ಮಾಡಿ ಗುಡ್ಡಕ್ಕೆ ಏರಿಸುತ್ತಿದ್ದರು. ನದಿಯ ದಂಡೆಯ ಊರುಗಳು ಬೆಳೆದಂತೆ ಕಾರ್ಖಾನೆಗಳ ಕೊಳೆ, ಮನೆಗಳ ಮಲಿನ ಎಲ್ಲವೂ ಅದೇ ನೀರಿಗೆ ಸೇರಿತು. ಟೈಫಾಯಿಡ್ ಮನೆಮನೆಯ ಮಾತಾಯಿತು. ಬೆಂಗಳೂರು 1894ರಲ್ಲಿ ದೂರದ ಹೆಸರಘಟ್ಟದಿಂದ ನೀರು ತಂದಂತೆ, ಜರ್ಸಿ ಸಿಟಿಯೂ ಹೊಸ ನೀರನ್ನು ಹುಡುಕಿತು. ಪಾರ್ಸಿಪನಿಯ ನಮ್ಮ ಕುಟುಂಬಗಳು ರೂಟ್ 287ರಲ್ಲಿ ಹೋಗುವಾಗ ಕಾಣುವ ಬೂಂಟನ್ ಜಲಾಶಯವೇ ಅದು. ರಾಕವೇ ನದಿಗೆ ಅಣೆಕಟ್ಟು ಕಟ್ಟಿ 1904ರಲ್ಲಿ ನೀರು ಹರಿಸಿದರು. ಹಳೆಯ ಬೂಂಟನ್ ಊರಿನ ನೆಲ ಅದರಲ್ಲಿ ಮುಳುಗಿತು.

ಆದರೆ ಮಳೆ ಜೋರಾದಾಗ ಆ ನೀರೂ ಕೆಡುತ್ತಿತ್ತು. ಒಪ್ಪಂದದಂತೆ ಶುದ್ಧ ನೀರು ಬಂದಿಲ್ಲವೆಂದು ನಗರದವರು ಕಂಪನಿಯ ಮೇಲೆ ದಾವೆ ಹೂಡಿದರು. ಮೇಲಿನ ಊರುಗಳಿಗೆ ಒಳಚರಂಡಿ ಕಟ್ಟಿಸಬೇಕು, ಇಲ್ಲವೇ ಬೇರೊಂದು ಉಪಾಯ ಮಾಡಬೇಕು ಎಂದಿತು ನ್ಯಾಯಾಲಯ. ಉಪಾಯ ಹೂಡಿದವರು ಕಂಪನಿಯ ಸಲಹೆಗಾರರಾಗಿದ್ದ ವೈದ್ಯ ಡಾ. ಜಾನ್ ಲೀಲ್. ಅವರ ತಂದೆಯೂ ವೈದ್ಯರು. ಅಂತರ್ಯುದ್ಧದಲ್ಲಿ ಸೇವೆ ಸಲ್ಲಿಸುವಾಗ ಹಿಡಿದ ಆಮಶಂಕೆಯಿಂದ ವರ್ಷಗಟ್ಟಲೆ ನರಳಿ 1882ರಲ್ಲಿ ತೀರಿಕೊಂಡಿದ್ದರು. ಕೆಟ್ಟ ನೀರು ಏನು ಮಾಡುತ್ತದೆಂದು ಮಗನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮಳೆಗಾಲದಲ್ಲಿ ನಮ್ಮೂರ ಬಾವಿಗಳಿಗೆ ಆರೋಗ್ಯ ಇಲಾಖೆಯವರು ಹಾಕುತ್ತಿದ್ದ ಬ್ಲೀಚಿಂಗ್ ಪೌಡರ್ ನೆನಪಿದೆಯಲ್ಲವೇ? ಅದೇ ಪುಡಿ. ಇಂಜಿನಿಯರ್ ಜಾರ್ಜ್ ಫುಲ್ಲರ್ ವಿನ್ಯಾಸ ಮಾಡಿದ ಘಟಕದಲ್ಲಿ 1908ರ ಸೆಪ್ಟೆಂಬರ್ 26ರಂದು ಕೆಲಸ ಆರಂಭವಾಯಿತು. ದಿನಕ್ಕೆ ಸುಮಾರು 4 ಕೋಟಿ ಗ್ಯಾಲನ್ ನೀರಿಗೆ ಅತ್ಯಲ್ಪ ಪ್ರಮಾಣದಲ್ಲಿ ಕ್ಲೋರಿನ್. ಅಮೆರಿಕದ ಊರೊಂದರ ನೀರಿಗೆ ನಿತ್ಯವೂ ಹೀಗೆ ಕ್ಲೋರಿನ್ ಬೆರೆಸಿದ್ದು ಅದೇ ಮೊದಲು. ಕುಡಿಯುವ ನೀರಿಗೆ ರಾಸಾಯನಿಕವೇ ಎಂದು ಜನ ಹೌಹಾರುತ್ತಿದ್ದ ಕಾಲ ಅದು. ಈ ನೀರನ್ನು ನೀವು ಕುಡಿಯುತ್ತೀರಾ, ಮನೆಯವರಿಗೆ ಕೊಡುತ್ತೀರಾ ಎಂದು ನ್ಯಾಯಾಲಯದಲ್ಲಿ ಕೇಳಿದಾಗ ಲೀಲ್ ಹೌದೆಂದರು. 1910ರಲ್ಲಿ ತೀರ್ಪು ಅವರ ವಿಧಾನವನ್ನು ಎತ್ತಿಹಿಡಿಯಿತು. ಮುಂದೆ ಊರಿಂದೂರಿಗೆ ಈ ಪದ್ಧತಿ ಹರಡಿ, ಟೈಫಾಯಿಡ್ ಹಿಮ್ಮೆಟ್ಟಿತು. ಆಗಿನ್ನೂ ಆ ಜ್ವರಕ್ಕೆ ಮದ್ದಿರಲಿಲ್ಲ. ನಾವು ವೈದ್ಯರು ಆಂಟಿಬಯಾಟಿಕ್‌ಗಳ ಬಗ್ಗೆ ಹೆಮ್ಮೆಪಡುತ್ತೇವೆ. ಅವು ಬರುವುದಕ್ಕೆ ದಶಕಗಳ ಮೊದಲೇ ಒಂದು ಹಿಡಿ ಪುಡಿ ಅಸಂಖ್ಯ ಮಕ್ಕಳನ್ನು ಉಳಿಸಿತ್ತು.

ಲೀಲ್ 1914ರಲ್ಲಿ ನಿಧನರಾದರು. ಪ್ಯಾಟರ್ಸನ್‌ನ ಅವರ ಸಮಾಧಿಗೆ ಸ್ಮಾರಕಶಿಲೆ ಬಂದದ್ದು 2013ರಲ್ಲಿ! ಮೂರನೆಯ ಜಲಾಶಯ 1980ರ ದಶಕದವರೆಗೆ ದುಡಿಯಿತು. ಆಮೇಲೆ ಪಾಳುಬಿದ್ದ ಗೋಡೆಗಳೊಳಗೆ ಮರಗಳು ಬೆಳೆದು ಹಕ್ಕಿಗಳು ಬಂದು ಸೇರಿದವು. ಅದನ್ನು ಕೆಡವಬಾರದೆಂದು ನೆರೆಹೊರೆಯವರು ಹೋರಾಡಿದರು. 2012ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು.

ಬೇಸಿಗೆಯಲ್ಲಿ ಊರಿನಿಂದ ಬರುವ ಅಪ್ಪ ಅಮ್ಮನನ್ನೂ, ಮಕ್ಕಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ನೀರು ಕಾಯಿಸಿ ಕುಡಿಯುವ ಅಜ್ಜಿಗೂ, ನಲ್ಲಿಗೆ ನೇರ ಲೋಟ ಹಿಡಿಯುವ ಮೊಮ್ಮಗಳಿಗೂ ಆ ಗೋಡೆಯ ನೆರಳಿನಲ್ಲಿ ಮಾತಾಡಲು ಬೇಕಾದಷ್ಟಿದೆ.