ಗೇಮ್‌ಗಳಲ್ಲಿ ‘ಮಾಡ್’ ಎಂದರೇನು? ಆಟಗಾರರು ಕಟ್ಟಿದ ಆಟಕ್ಕೆ ಒಡೆಯರು ಯಾರು?

ಕಂಪನಿ ಬಿಡುಗಡೆ ಮಾಡಿದ ವಿಡಿಯೋ ಗೇಮ್‌ಗೆ ಆಟಗಾರರೇ ಹೊಸ ನಕ್ಷೆ, ಪಾತ್ರ, ನಿಯಮಗಳನ್ನು ಸೇರಿಸುವುದನ್ನು ‘ಮಾಡ್’ ಎನ್ನುತ್ತಾರೆ. ಸೈನ್ಯ ಕಟ್ಟಿ ಯುದ್ಧ ಮಾಡುವ ಸ್ಟ್ರಾಟಜಿ ಗೇಮ್‌ಗಳಲ್ಲಿ ಇದಕ್ಕೆ ಅವಕಾಶ ಕೊಡಬೇಕೇ ಎಂಬ ಪ್ರಶ್ನೆ ಹಳೆಯದು. ಇದರ ಲಾಭ, ನಷ್ಟ ಎರಡನ್ನೂ ಕಂಡ ಗೇಮ್ ‘ವಾರ್‌ಕ್ರಾಫ್ಟ್ 3’.

ಉಚಿತ ನಕ್ಷೆಯಿಂದ ಹೊಸ ಪ್ರಕಾರ

ಬ್ಲಿಜಾರ್ಡ್ ಕಂಪನಿ 2002ರಲ್ಲಿ ಈ ಗೇಮ್ ಜತೆಗೆ ನಕ್ಷೆ ರೂಪಿಸುವ ‘ವರ್ಲ್ಡ್ ಎಡಿಟರ್’ ಅನ್ನೂ ನೀಡಿತ್ತು. ಅದನ್ನು ಬಳಸಿ ಆಟಗಾರರು ‘ಡೋಟಾ’ ಎಂಬ ಮಾಡ್ ತಯಾರಿಸಿದರು. ಇದರಲ್ಲಿ ಸೈನ್ಯ ಕಟ್ಟುವ ಕೆಲಸವಿಲ್ಲ. ತಲಾ 5 ಮಂದಿಯ 2 ತಂಡಗಳು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪಾತ್ರ. ಇದೇ ಮಾದರಿಯಲ್ಲಿ 2009ರಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ಬಂತು. ಮಾಡ್‌ನ ಮುಖ್ಯ ಡೆವಲಪರ್‌ನನ್ನು ಕೆಲಸಕ್ಕೆ ಸೇರಿಸಿಕೊಂಡ ವಾಲ್ವ್ ಕಂಪನಿ 2013ರಲ್ಲಿ ‘ಡೋಟಾ 2’ ಬಿಡುಗಡೆ ಮಾಡಿತು. 2021ರಲ್ಲಿ ಅದರ ವಿಶ್ವ ಟೂರ್ನಿಯ ಬಹುಮಾನದ ಮೊತ್ತ 4 ಕೋಟಿ ಡಾಲರ್ ದಾಟಿತ್ತು.

ಬ್ಲಿಜಾರ್ಡ್‌ಗೆ ಸಿಕ್ಕಿದ್ದೇನು?

ಮೂಲ ಗೇಮ್ ತನ್ನದಾದರೂ ಡೋಟಾ ಹೆಸರು ಬ್ಲಿಜಾರ್ಡ್‌ಗೆ ದಕ್ಕಲಿಲ್ಲ. ಟ್ರೇಡ್‌ಮಾರ್ಕ್ ವಿವಾದ 2012ರಲ್ಲಿ ರಾಜಿಯಲ್ಲಿ ಮುಗಿದು, ಹೆಸರಿನ ವಾಣಿಜ್ಯ ಬಳಕೆ ವಾಲ್ವ್ ಪಾಲಾಯಿತು. 2020ರಲ್ಲಿ ‘ವಾರ್‌ಕ್ರಾಫ್ಟ್ 3: ರೀಫೋರ್ಜ್ಡ್’ ಬಂದಾಗ, ಆಟಗಾರರು ರೂಪಿಸುವ ಆಟಗಳೆಲ್ಲ ಕಂಪನಿಯ ಸ್ವತ್ತು ಎಂಬ ಷರತ್ತು ಜಾರಿಯಾಯಿತು. ದುಡಿಮೆ ನಮ್ಮದು, ಹಕ್ಕು ಮಾತ್ರ ಕಂಪನಿಯದೇ ಎಂದು ಅಭಿಮಾನಿಗಳು ಸಿಟ್ಟಾದರು.

ಇನ್ನೊಂದು ದಾರಿ

‘ಏಜ್ ಆಫ್ ಎಂಪೈರ್ಸ್ 2’ ಬಿಡುಗಡೆಯಾಗಿದ್ದು 1999ರಲ್ಲಿ. ಅದಕ್ಕೆ ಅಭಿಮಾನಿಗಳು ತಯಾರಿಸಿದ ‘ಫರ್ಗಾಟನ್ ಎಂಪೈರ್ಸ್’ ಎಂಬ ಉಚಿತ ಮಾಡ್ 2013ರಲ್ಲಿ ಅಧಿಕೃತ ವಿಸ್ತರಣೆಯಾಯಿತು. ಆ ತಂಡವೇ ಸ್ಟುಡಿಯೋ ಆಗಿ ಬೆಳೆಯಿತು. ದ್ರಾವಿಡರು, ಬಂಗಾಳಿಗಳು, ಗುರ್ಜರರನ್ನು ಸೇರಿಸಿದ 2022ರ ‘ಡೈನಾಸ್ಟೀಸ್ ಆಫ್ ಇಂಡಿಯಾ’ ವಿಸ್ತರಣೆಯ ಹಿಂದೆಯೂ ಈ ಸ್ಟುಡಿಯೋ ಇದೆ.

ತೊಡಕುಗಳೇನು?

ಇಂಥ ಹಲವು ಗೇಮ್‌ಗಳಲ್ಲಿ ಆಟಗಾರರ ಕಂಪ್ಯೂಟರ್‌ಗಳು ಆದೇಶಗಳನ್ನಷ್ಟೇ ಹಂಚಿಕೊಳ್ಳುತ್ತವೆ. ಯುದ್ಧದ ಲೆಕ್ಕಾಚಾರ ಪ್ರತಿ ಕಂಪ್ಯೂಟರ್‌ನಲ್ಲೂ ಪ್ರತ್ಯೇಕವಾಗಿ ನಡೆಯುತ್ತದೆ. ಒಬ್ಬರ ಬಳಿ ಮಾತ್ರ ನಿಯಮ ಬದಲಿಸುವ ಮಾಡ್ ಇದ್ದರೆ ಲೆಕ್ಕ ತಪ್ಪಿ ಆಟವೇ ನಿಲ್ಲಬಹುದು. ಅಪ್‌ಡೇಟ್ ಬಂದಾಗ ಹಳೆಯ ಮಾಡ್ ಕೆಲಸ ಮಾಡದಿರುವುದೂ ಉಂಟು.

ಎಲ್ಲರ ಬಳಿ ಒಂದೇ ಫೈಲ್ ಇದೆಯೇ ಎಂದು ಆಟದ ಆರಂಭದಲ್ಲೇ ಪರೀಕ್ಷಿಸಿದರೆ ಮೊದಲ ತೊಡಕು ತಪ್ಪುತ್ತದೆ. ಒಡೆತನದ ಪ್ರಶ್ನೆಗೆ ತಂತ್ರಜ್ಞಾನದಲ್ಲಿ ಉತ್ತರವಿಲ್ಲ. ಎಡಿಟರ್ ಕೊಡುವ ದಿನವೇ ಹಕ್ಕು ಯಾರದು, ಹಣ ಬಂದರೆ ಪಾಲು ಎಷ್ಟು ಎಂಬುದನ್ನು ಕಂಪನಿ ಸ್ಪಷ್ಟಪಡಿಸಬೇಕಾಗುತ್ತದೆ.