ಪಕ್ಕವಾದ್ಯದವನ ಪಾಲು

ದಲಿತ ವಿಮರ್ಶೆಯ ಮಾತು ಬಂದಾಗಲೆಲ್ಲ ನಾವು ಕೃತಿಯಿಂದ ಶುರು ಮಾಡುತ್ತೇವೆ. ಯಾರು ಬರೆದರು, ಯಾವ ಜಾತಿಯ ಕಣ್ಣಿನಿಂದ ಬರೆದರು ಅಂತ ಕೇಳುತ್ತೇವೆ. ಈ ಪ್ರಶ್ನೆಗಳು ಬೇಕೇ ಬೇಕು. ಆದರೆ ಅಕ್ಷರ ಬರೆಯದೆಯೇ ಕೃತಿ ಕಟ್ಟಿದವರ ಲೆಕ್ಕ ಇಡುವವರು ಯಾರು? ಈ ಪ್ರಶ್ನೆಯನ್ನಿಟ್ಟುಕೊಂಡು ಅಮೆರಿಕದ ಕಪ್ಪು ಪಿಯಾನೊ ವಾದಕ ಜಾನಿ ಜಾನ್ಸನ್‌ನ ಚರಿತ್ರೆಯನ್ನು ನಾನಿಲ್ಲಿ ಓದಲು ಯತ್ನಿಸಿದ್ದೇನೆ. ಕಪ್ಪು ಜನರ ಚರಿತ್ರೆ ನಮಗೆ ದೂರದ ಸುದ್ದಿಯಲ್ಲ. 1946ರಲ್ಲೇ ಅಂಬೇಡ್ಕರ್ ಅವರು ಡುಬಾಯ್ಸ್ ಅವರಿಗೆ ಪತ್ರ ಬರೆದಿದ್ದರು. 1972ರಲ್ಲಿ ಮುಂಬೈಯ ದಲಿತ ಯುವಕರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದರು. ಜಾತಿ ಮತ್ತು ವರ್ಣಭೇದ ಒಂದೇ ಅಲ್ಲ, ನಿಜ. ಆದರೆ ದುಡಿದವನ ಹೆಸರು ಅಳಿಸಿಹೋಗುವ ಬಗೆಯಲ್ಲಿ ಹೋಲಿಕೆಗಳಿವೆ.

ಜಾನ್ಸನ್ ಹುಟ್ಟಿದ್ದು 1924ರಲ್ಲಿ, ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯ ಫೇರ್‌ಮಾಂಟ್ ಊರಿನಲ್ಲಿ. ಎಳೆಯ ವಯಸ್ಸಿನಲ್ಲೇ ಪಿಯಾನೊ ಹಿಡಿದವನು, ಕಿವಿಯಿಂದಲೇ ಕಲಿತವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಮೆರೀನ್ ಪಡೆ ಸೇರಿದ. ಈ ಪಡೆ ಕಪ್ಪು ಜನರಿಗೆ ಬಾಗಿಲು ತೆರೆದದ್ದೇ 1942ರಲ್ಲಿ. ತೆರೆದರೂ ಅವರನ್ನು ಬಿಳಿಯರ ಜೊತೆ ಇರಿಸಲಿಲ್ಲ. ಮಾಂಟ್‌ಫರ್ಡ್ ಪಾಯಿಂಟ್ ಎಂಬಲ್ಲಿ ಬೇರೆಯೇ ಶಿಬಿರ ಮಾಡಿ ತರಬೇತಿ ಕೊಟ್ಟರು. ದೇಶಕ್ಕಾಗಿ ಸಾಯಬಹುದು, ಪಂಕ್ತಿಯಲ್ಲಿ ಕೂರಬಾರದು! ಇದನ್ನು ನಮ್ಮ ಓದುಗರಿಗೆ ವಿವರಿಸಿ ಹೇಳಬೇಕಿಲ್ಲ.

ಯುದ್ಧ ಮುಗಿದ ಮೇಲೆ ಡೆಟ್ರಾಯಿಟ್, ಷಿಕಾಗೊ ಸುತ್ತಿ 1952ರಲ್ಲಿ ಸೇಂಟ್ ಲೂಯಿಸ್‌ಗೆ ಬಂದ. ಅಲ್ಲಿ ಡ್ರಮ್ಮಿನ ಎಬ್ಬಿ ಹಾರ್ಡಿ, ಸ್ಯಾಕ್ಸೊಫೋನಿನ ಆಲ್ವಿನ್ ಬೆನೆಟ್ ಜೊತೆ ಮೂವರ ತಂಡ ಕಟ್ಟಿದ. ತಂಡ ಅವನದೇ, ಹೆಸರೂ ಅವನದೇ: ಸರ್ ಜಾನ್ ಟ್ರಿಯೊ. ನದಿಯಾಚೆಯ ಈಸ್ಟ್ ಸೇಂಟ್ ಲೂಯಿಸ್‌ನ ಕಾಸ್ಮಾಪಾಲಿಟನ್ ಕ್ಲಬ್ಬಿನಲ್ಲಿ ನುಡಿಸುತ್ತಿದ್ದರು. ಆ ವರ್ಷದ ಕೊನೆಯ ದಿನದ ಕಾರ್ಯಕ್ರಮಕ್ಕೆ ಬೆನೆಟ್ ಪಾರ್ಶ್ವವಾಯು ಬಡಿದು ಬರದಾದ. ಆಗ ಜಾನ್ಸನ್ ಕರೆದದ್ದು ಚಕ್ ಬೆರಿ ಎಂಬ ಗಿಟಾರ್ ವಾದಕನನ್ನು. ಬೆರಿಗೆ ಮಾತಿತ್ತು, ಪದ ಕಟ್ಟುವ ಶಕ್ತಿಯಿತ್ತು, ಜನರನ್ನು ಹಿಡಿದಿಡುವ ಆಟವಿತ್ತು. ಸ್ವಲ್ಪ ಕಾಲದಲ್ಲೇ ತಂಡ ಅವನ ಹೆಸರಿಗೆ ಬಂತು. ಕರೆದವನು ಪಕ್ಕವಾದ್ಯಕ್ಕೆ ಸರಿದ.

1955ರ ಮೇ 21ರಂದು ಷಿಕಾಗೊದ ಚೆಸ್ ಕಂಪನಿಗಾಗಿ ಇವರು 'ಮೇಬೆಲೀನ್' ಹಾಡನ್ನು ಮುದ್ರಿಸಿದರು. 'ಐಡಾ ರೆಡ್' ಎಂಬ ಹಳೆಯ ಜನಪದ ಧಾಟಿಯನ್ನು ಹೊಸದಾಗಿ ಕಟ್ಟಿದ ಹಾಡು ಅದು. ತಟ್ಟೆಯ ಇನ್ನೊಂದು ಬದಿಯಲ್ಲಿ 'ವೀ ವೀ ಅವರ್ಸ್' ಎಂಬ ನಿಧಾನಗತಿಯ ಬ್ಲೂಸ್ ಇದೆ. ಜಾನ್ಸನ್ ಯಾರು ಅಂತ ತಿಳಿಯಬೇಕಾದರೆ ಅದನ್ನು ಕೇಳಬೇಕು. ಹಾಡಿನ ಪ್ರತಿ ಸಾಲು ಮುಗಿಯುವಲ್ಲಿ ಪಿಯಾನೊ ಮಾತಾಡುತ್ತದೆ. ಎಡಗೈ ನಡೆಯನ್ನು ಹಿಡಿದಿದ್ದರೆ ಬಲಗೈ ಹಾಡುವವನಿಗೆ ಜವಾಬು ಕೊಡುತ್ತದೆ. ನಮ್ಮ ತತ್ವಪದ, ಭಜನೆಗಳಲ್ಲಿ ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳುವ ಹಾಗೆ.

ಈಗ ಕಾಗದದ ವಿಷಯಕ್ಕೆ ಬರೋಣ. 'ಮೇಬೆಲೀನ್' ರಚನೆಕಾರರೆಂದು ಕಂಪನಿ ದಾಖಲಿಸಿದ್ದು ಮೂರು ಹೆಸರು. ಬೆರಿಯ ಜೊತೆಗೆ ರೇಡಿಯೊದಲ್ಲಿ ಹಾಡು ಹಾಕುತ್ತಿದ್ದ ಅಲನ್ ಫ್ರೀಡ್, ಕಂಪನಿಗೆ ಬೇಕಾದವನಾಗಿದ್ದ ರಸ್ ಫ್ರಾಟೊ. ಹಾಡು ಕಟ್ಟುವುದರಲ್ಲಿ ಇವರಿಬ್ಬರ ಕೈಯಿರಲಿಲ್ಲ. ಕೈಯಿದ್ದ ಜಾನ್ಸನ್ ಹೆಸರು ಅಲ್ಲಿಲ್ಲ. ಬೆರಿ ತನ್ನ ಹಾಡನ್ನು ಪೂರ್ತಿಯಾಗಿ ತನ್ನ ಹೆಸರಿಗೆ ಮಾಡಿಕೊಳ್ಳುವ ಹೊತ್ತಿಗೆ 1986 ಆಗಿತ್ತು. ಆದ್ದರಿಂದ ಬೆರಿಯನ್ನು ಸುಮ್ಮನೆ ಖಳನಾಯಕ ಮಾಡುವುದು ಸರಿಯಲ್ಲ. ಅವನೂ ದೋಚಲ್ಪಟ್ಟವನೇ. ಕಾಗದದಲ್ಲಿ ಹೆಸರಿದ್ದವನದೇ ಹಾಡು ಎಂಬ ಪಾಠವನ್ನು ಅವನು ನಷ್ಟಪಟ್ಟು ಕಲಿತ. ಜಾನ್ಸನ್‌ಗೆ ಆ ಪಾಠ ತಲುಪಲೇ ಇಲ್ಲ.

1970ರ ದಶಕದಲ್ಲಿ ಇಬ್ಬರ ದಾರಿ ಬೇರೆಯಾಯಿತು. 1980ರ ದಶಕದಲ್ಲಿ ಜಾನ್ಸನ್ ಸೇಂಟ್ ಲೂಯಿಸ್‌ನಲ್ಲಿ ವೃದ್ಧರನ್ನು ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದ. 1986ರಲ್ಲಿ ಬೆರಿಯ ಅರವತ್ತು ತುಂಬಿದ ಕಛೇರಿಗೆ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅವನನ್ನು ಕರೆತಂದ. ಮರುವರ್ಷ ತೆರೆಕಂಡ ಅದರ ಸಾಕ್ಷ್ಯಚಿತ್ರದಲ್ಲಿ ರಿಚರ್ಡ್ಸ್ ಒಂದು ವಾದ ಹೂಡಿದ: ಗಿಟಾರ್ ಹಿಡಿದು ಹಾಡು ಕಟ್ಟುವವರು ಸಾಮಾನ್ಯವಾಗಿ ಇ, ಎ ಶ್ರುತಿಗಳಿಗೆ ಹೋಗುತ್ತಾರೆ, ಅದು ತಂತಿಗೆ ಸಲೀಸು, ಬೆರಿಯ ಹಾಡುಗಳಲ್ಲಿ ಬಿ ಫ್ಲ್ಯಾಟ್, ಇ ಫ್ಲ್ಯಾಟ್‌ನಂಥವೇ ಹೆಚ್ಚು, ಅವು ಪಿಯಾನೊದವರ ಶ್ರುತಿಗಳು. ಇದು ಪೂರ್ತಿ ರುಜುವಾತಲ್ಲ. ಊದುವ ವಾದ್ಯಗಳಿದ್ದ ತಂಡಗಳಲ್ಲೂ ಆ ಶ್ರುತಿಗಳು ಬಳಕೆಯಲ್ಲಿದ್ದವು. ಆದರೂ ಬೆರಳ ಗುರುತು ನಾದದಲ್ಲಿ ಉಳಿದಿದೆ ಎಂಬ ಅನುಮಾನಕ್ಕೆ ಅಷ್ಟು ಸಾಕು.

2000ದ ನವೆಂಬರಿನಲ್ಲಿ ಜಾನ್ಸನ್ ಕೋರ್ಟಿಗೆ ಹೋದ. ಐವತ್ತಕ್ಕೂ ಹೆಚ್ಚು ಹಾಡುಗಳ ರಚನೆಯಲ್ಲಿ ತಾನು ಪಾಲುದಾರ ಎಂಬುದು ಅವನ ದಾವೆ. 2002ರಲ್ಲಿ ಅದು ವಜಾ ಆಯಿತು. ಕಾರಣವನ್ನು ಗಮನಿಸಬೇಕು. ನೀನು ಕಟ್ಟಿಲ್ಲ ಅಂತ ಕೋರ್ಟು ತೀರ್ಮಾನಿಸಲಿಲ್ಲ. ತಡವಾಗಿ ಬಂದೆ ಅಂದಿತು. ಯಾರು ಕಟ್ಟಿದರು ಎಂಬ ಮೂಲ ಪ್ರಶ್ನೆ ವಿಚಾರಣೆಗೇ ಬರಲಿಲ್ಲ. ಅಕ್ಷರದಿಂದ, ಕಾನೂನಿನಿಂದ ದೂರ ಇಟ್ಟವರನ್ನು ತಡವಾಯಿತು ಎನ್ನುವ ಕಾರಣಕ್ಕೆ ವಾಪಸು ಕಳಿಸುವ ಈ ನ್ಯಾಯ, ಜಮೀನಿನ ಪತ್ರ ಹಿಡಿದು ಕಛೇರಿ ಅಲೆದ ನಮ್ಮ ಹಿರಿಯರಿಗೂ ಗೊತ್ತಿರುವಂಥದೇ.

ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ತನ್ನ ಮೊದಲ ವರ್ಷವೇ, 1986ರಲ್ಲಿ, ಬೆರಿಗೆ ಸ್ಥಾನ ಕೊಟ್ಟಿತು. ಜಾನ್ಸನ್‌ಗೆ ಸಿಕ್ಕಿದ್ದು 2001ರಲ್ಲಿ, ಅದೂ ಪಕ್ಕವಾದ್ಯದವರಿಗೆಂದು ಮಾಡಿದ ಬೇರೆ ಸಾಲಿನಲ್ಲಿ. ಇನ್ನೊಂದು ಸಂಗತಿ ಇದೆ. 'ಜಾನಿ ಬಿ. ಗುಡ್' ಎಂಬ ಹೆಸರಿಗೆ ಜಾನ್ಸನ್‌ನೇ ಪ್ರೇರಣೆ ಅಂತ ಬೆರಿಯೇ ಹೇಳಿದ್ದುಂಟು. 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ ಆ ಹಾಡು ಆಕಾಶಕ್ಕೂ ಹೋಯಿತು. ಆದರೆ ದಾಖಲೆಗಳ ಪ್ರಕಾರ ಅದರಲ್ಲಿ ಪಿಯಾನೊ ನುಡಿಸಿದ್ದು ಲಫಾಯೆಟ್ ಲೀಕ್. ಅದರ ಹೆಸರಾಂತ ಗಿಟಾರ್ ಪೀಠಿಕೆಯೂ 1946ರ ಲೂಯಿ ಜೋರ್ಡನ್ ಹಾಡೊಂದರಲ್ಲಿ ಕಾರ್ಲ್ ಹೋಗನ್ ನುಡಿಸಿದ್ದರಿಂದ ಬಂದದ್ದು. ಹಾಡು ಕಟ್ಟಿದ ಕೈಗಳು ಇಷ್ಟೊಂದು, ಕಾಗದ ಒಪ್ಪಿದ್ದು ಒಂದನ್ನು. 2005ರ ಏಪ್ರಿಲ್ 13ರಂದು ಜಾನ್ಸನ್ ತೀರಿಕೊಂಡ.

ಇದನ್ನು ಬರೀ ಅಮೆರಿಕದ ಕತೆಯೆಂದು ಓದಿ ಬಿಡಬಾರದು. ನಾನು ಪಾಠ ಮಾಡುವ ತರಗತಿಯಲ್ಲಿ ಜನಪದ ಗೀತೆಗಳ ಸಂಕಲನ ತೆರೆದರೆ ಸಂಗ್ರಹಿಸಿದವರ ಹೆಸರು ಮುಖಪುಟದಲ್ಲಿರುತ್ತದೆ, ಹಾಡಿದ ಹೆಂಗಸರ ಹೆಸರು ಎಷ್ಟೋ ಸಲ ಒಳಗೂ ಇರುವುದಿಲ್ಲ. ಶಾಸ್ತ್ರೀಯ ಕಛೇರಿಯ ವೇದಿಕೆಯಲ್ಲಿ ತಮಟೆಗೆ ಪಕ್ಕವಾದ್ಯದ ಜಾಗವೂ ಸಿಗಲಿಲ್ಲ. ಇದನ್ನು ನಾವು ಟೀಕಿಸುತ್ತಲೇ ಬಂದಿದ್ದೇವೆ. ಆದರೆ ನಮ್ಮದೇ ಹೋರಾಟದ ವೇದಿಕೆಗಳಲ್ಲಿ ಏನಾಗುತ್ತಿದೆ? ಹಾಡು ಬರೆದ ಕವಿಯ ಹೆಸರು ಕರಪತ್ರದಲ್ಲಿ ಬರುತ್ತದೆ. ಧಾಟಿ ಹಾಕಿದವರ, ಸೊಲ್ಲು ಎತ್ತಿಕೊಂಡವರ, ರಾತ್ರಿಯೆಲ್ಲ ತಮಟೆ ಬಡಿದವರ ಹೆಸರನ್ನು 'ಮತ್ತು ಸಂಗಡಿಗರು' ಅನ್ನುವ ಎರಡು ಪದದಲ್ಲಿ ಮುಗಿಸಿಬಿಡುತ್ತೇವೆ. ದಲಿತ ವಿಮರ್ಶೆ ಈ ಸಂಗಡಿಗರಿಂದಲೂ ಶುರುವಾಗಬೇಕು ಅನ್ನುವುದು ನನ್ನ ವಾದ. ಅವರಲ್ಲಿ ಅನೇಕರು ಇನ್ನೂ ನಮ್ಮ ಊರುಕೇರಿಗಳಲ್ಲಿ ಬದುಕಿದ್ದಾರೆ. ತಡವಾಯಿತು ಅನ್ನಿಸಿಕೊಳ್ಳುವ ಮೊದಲೇ ಹೋಗಿ ಕೇಳಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು, ಕಾರ್ಯಕರ್ತರು ಹಂಚಿಕೊಳ್ಳಬೇಕು.